ವೇಮಗಲ್ ಕ್ಷೇತ್ರ ಎಲ್ಲಿ ಹೋಯಿತು?

ಹಿಂದಿನ ಸಂಚಿಕೆಯಲ್ಲಿ ಕೋಲಾರ ಜಿಲ್ಲೆಯ ಹಳೇ ಚುನಾವಣೆಗಳ ಬಗ್ಗೆ ನಾಲ್ಕು ಸಾಲು ಬರೆದಿದ್ದೆ. ಅದಕ್ಕೆ ಬಂದ ಪತ್ರಗಳು ಇಷ್ಟು ಇರುತ್ತವೆ ಅಂತ ನಾನು ಅಂದುಕೊಂಡಿರಲಿಲ್ಲ. ಜಾಸ್ತಿ ಜನ ಕೇಳಿರುವುದು ಒಂದೇ ವಿಷಯ, ಹಳೇ ಕ್ಷೇತ್ರಗಳ ಕಥೆ. ಹಾಗಾಗಿ ಈ ಸಲದ ಅಂಕಣ ಪೂರ್ತಿ ಅದಕ್ಕೇ.

ಪ್ರಶ್ನೆ: 2004ರಲ್ಲಿ ನಾನು ಮೊದಲ ಸಲ ವೋಟು ಹಾಕಿದಾಗ ನಮ್ಮದು ವೇಮಗಲ್ ವಿಧಾನಸಭಾ ಕ್ಷೇತ್ರ. ಈಗ ಮಗಳು ಕೇಳ್ತಾಳೆ, ಅಂಥ ಕ್ಷೇತ್ರವೇ ಪಟ್ಟಿಯಲ್ಲಿ ಇಲ್ಲವಲ್ಲ ಅಂತ. ಒಂದು ಕ್ಷೇತ್ರವನ್ನು ಹಾಗೆ ಸುಮ್ನೆ ಅಳಿಸಿಬಿಡೋಕೆ ಆಗುತ್ತಾ? ಯಾರು ಅಳಿಸಿದರು, ಯಾಕೆ?
ವೇಮಗಲ್ ಹೋಬಳಿಯ ಓದುಗರು

ನಾನೂ ಆ ಹೋಬಳಿಯವನೇ. ನಮ್ಮೂರ ಮತಗಟ್ಟೆ ಸರ್ಕಾರಿ ಶಾಲೆಯಲ್ಲಿ. 2004ರಲ್ಲೂ ಅಲ್ಲೇ, 2008ರಲ್ಲೂ ಅಲ್ಲೇ. ಅದೇ ಕೋಣೆ, ಅದೇ ಕಿಟಕಿ, ಸಾಲಿನಲ್ಲಿ ನಿಂತ ಮುಖಗಳೂ ಹೆಚ್ಚುಕಮ್ಮಿ ಅವೇ. ಆದರೆ ಮೊದಲ ಸಲ ಹೊರಗೆ ಅಂಟಿಸಿದ ಹಾಳೆಯಲ್ಲಿ ವೇಮಗಲ್ ಅಂತ ಇತ್ತು, ಎರಡನೇ ಸಲ ಕೋಲಾರ ಅಂತ ಇತ್ತು. ಸಾಲಿನಲ್ಲಿದ್ದ ಹಿರಿಯರೊಬ್ಬರು ತಪ್ಪಾಗಿ ಅಂಟಿಸಿದ್ದಾರೆ ಅಂತ ಸಿಬ್ಬಂದಿಗೆ ಹೇಳಲು ಹೋಗಿದ್ದರು. ತಪ್ಪೇನೂ ಆಗಿರಲಿಲ್ಲ. ಊರು ಅಲ್ಲೇ ಇತ್ತು, ಗೆರೆ ಸರಿದಿತ್ತು.

ಅಳಿಸಿದ್ದು ಕ್ಷೇತ್ರ ಪುನರ್‌ವಿಂಗಡಣಾ ಆಯೋಗ. 2002ರ ಕಾಯ್ದೆಯ ಪ್ರಕಾರ ರಚನೆಯಾದ ಆಯೋಗ ಅದು. ನಿವೃತ್ತ ನ್ಯಾಯಮೂರ್ತಿ ಕುಲದೀಪ್ ಸಿಂಗ್ ಅದರ ಅಧ್ಯಕ್ಷರು. ಅದರ ಆದೇಶ 2008ರ ಫೆಬ್ರುವರಿಯಲ್ಲಿ ಜಾರಿಗೆ ಬಂತು. ಮೂರೇ ತಿಂಗಳಿಗೆ, ಮೇ ತಿಂಗಳಲ್ಲಿ, ನಮ್ಮ ವಿಧಾನಸಭೆ ಚುನಾವಣೆ. ಹೊಸ ಗಡಿಗಳ ಮೇಲೆ ಇಡೀ ದೇಶದಲ್ಲಿ ಮೊದಲು ಚುನಾವಣೆ ಎದುರಿಸಿದ ರಾಜ್ಯ ಕರ್ನಾಟಕವೇ. ಹೊಸ ಕ್ಷೇತ್ರ ಯಾವುದು, ಅದರಲ್ಲಿ ಯಾವ ಹೋಬಳಿ ಸೇರಿದೆ ಅಂತ ಜನರಿಗೆ ಅರ್ಥವಾಗುವಷ್ಟರಲ್ಲಿ ಮತದಾನವೇ ಮುಗಿದಿತ್ತು.

ಯಾಕೆ ಅಳಿಸಿದರು ಅಂದರೆ, ಇದಕ್ಕೆ ಒಂದು ಲೆಕ್ಕ ಇದೆ. ಈ ಲೆಕ್ಕವನ್ನು ಎಲ್ಲರೂ ಒಮ್ಮೆ ಕೈಯಾರೆ ಮಾಡಿ ನೋಡಬೇಕು ಅಂತ ನನಗೆ ಅನಿಸುತ್ತದೆ, ಯಾಕಂದರೆ ಇದನ್ನು ಮಾಡದೆ ಹೋದರೆ ಯಾರೋ ನಮ್ಮ ಮೇಲೆ ಹಗೆ ಸಾಧಿಸಿದರು ಅನ್ನೋ ಮಾತೇ ಉಳಿದುಬಿಡುತ್ತದೆ.

2001ರ ಜನಗಣತಿಯಲ್ಲಿ ಕರ್ನಾಟಕದ ಜನಸಂಖ್ಯೆ 5 ಕೋಟಿ 28 ಲಕ್ಷ. ವಿಧಾನಸಭೆಯ ಸ್ಥಾನಗಳು 224. ಈ ಸಂಖ್ಯೆಯನ್ನು ಆಯೋಗ ಮುಟ್ಟುವ ಹಾಗಿರಲಿಲ್ಲ. ಭಾಗಿಸಿದರೆ ಒಂದು ಕ್ಷೇತ್ರಕ್ಕೆ ಸುಮಾರು 2 ಲಕ್ಷ 36 ಸಾವಿರ ಜನ. ಆಗಿನ ಕೋಲಾರ ಜಿಲ್ಲೆ ಅಂದರೆ ಈಗಿನ ಕೋಲಾರ, ಚಿಕ್ಕಬಳ್ಳಾಪುರ ಎರಡೂ ಸೇರಿ. ಅಲ್ಲಿ ಇದ್ದವರು 25 ಲಕ್ಷ 36 ಸಾವಿರ. ಇದನ್ನು 2 ಲಕ್ಷ 36 ಸಾವಿರದಿಂದ ಭಾಗಿಸಿ. ಹತ್ತೂ ಮುಕ್ಕಾಲು ಬರುತ್ತದೆ. ಅಂದರೆ 11 ಸ್ಥಾನ. ನಮ್ಮ ಹತ್ತಿರ ಇದ್ದದ್ದು 12.

ಒಂದು ಹೋಗಲೇಬೇಕಿತ್ತು.

ಈ 12 ಎಲ್ಲಿಂದ ಬಂದಿತ್ತು ಅಂತ ಕೇಳಿದರೆ, ಅದು 1971ರ ಜನಗಣತಿಯಿಂದ. ಆಗ ರಾಜ್ಯದ ಜನಸಂಖ್ಯೆ 2 ಕೋಟಿ 93 ಲಕ್ಷ, ಕ್ಷೇತ್ರವೊಂದಕ್ಕೆ 1 ಲಕ್ಷ 31 ಸಾವಿರ. ನಮ್ಮ ಜಿಲ್ಲೆಯಲ್ಲಿ 15 ಲಕ್ಷ ದಾಟಿತ್ತು. ಆ ಲೆಕ್ಕಕ್ಕೆ 12 ಸಿಕ್ಕಿತು. ಅದೇ ಗಡಿಗಳ ಮೇಲೆ 1978, 1983, 1985, 1989, 1994, 1999, 2004 ಹೀಗೆ ಏಳು ವಿಧಾನಸಭೆ ಚುನಾವಣೆ ನಡೆದವು. ಮೂವತ್ತು ವರ್ಷ. ಒಂದು ತಲೆಮಾರು ಪೂರ್ತಿ ಅದೇ ಹೆಸರುಗಳನ್ನು ಕೇಳಿಕೊಂಡೇ ಬೆಳೆಯಿತು. ಅದಕ್ಕೇ ನಿಮಗೂ ನನಗೂ ವೇಮಗಲ್ ಅನ್ನೋದು ಮೊದಲಿನಿಂದ ಇದ್ದದ್ದು, ಯಾವಾಗಲೂ ಇರುವಂಥದ್ದು ಅನಿಸಿತ್ತು.

ಆ ಮೂವತ್ತು ವರ್ಷದಲ್ಲಿ ಜನ ಕಡಿಮೆ ಆಗಲಿಲ್ಲ, ಹತ್ತು ಲಕ್ಷ ಜಾಸ್ತಿಯೇ ಆದರು. ಆದರೆ ಬೆಂಗಳೂರು ನಮಗಿಂತ ಬಹಳ ಜೋರಾಗಿ ಬೆಳೆಯಿತು. ಬೆಂಗಳೂರು ನಗರ ಜಿಲ್ಲೆ 2001ರಲ್ಲಿ 65 ಲಕ್ಷ ಮುಟ್ಟಿತ್ತು. ಅದನ್ನೂ ಅದೇ 2 ಲಕ್ಷ 36 ಸಾವಿರದಿಂದ ಭಾಗಿಸಿ ನೋಡಿ, 28ರ ಹತ್ತಿರ ಬರುತ್ತದೆ. ಇವತ್ತು ಅಲ್ಲಿ 28 ಶಾಸಕರು. ಒಟ್ಟು 224 ಅಂತ ಕಟ್ಟಿಹಾಕಿದ ಮೇಲೆ ಅಲ್ಲಿಗೆ ಹೋಗುವ ಪ್ರತಿ ಸ್ಥಾನವೂ ಎಲ್ಲೋ ಒಂದು ಕಡೆಯಿಂದ ಹೋಗಬೇಕು, ಅಲ್ವಾ? ನಮ್ಮಲ್ಲಿ ಒಂದು ಹೋಯಿತು. ಪಕ್ಕದ ತುಮಕೂರಿನಲ್ಲಿ ಎರಡು ಹೋದವು, 13 ಇದ್ದದ್ದು 11 ಆಯಿತು. ಕಳ್ಳಂಬೆಳ್ಳ, ಬೆಳ್ಳಾವಿ, ಹುಲಿಯೂರುದುರ್ಗ ಅನ್ನೋ ಮೂರು ಹೆಸರುಗಳು ಅಲ್ಲಿ ಪಟ್ಟಿಯಿಂದ ಬಿದ್ದುಹೋದವು, ತುಮಕೂರು ಗ್ರಾಮಾಂತರ ಅನ್ನೋ ಒಂದು ಹೊಸ ಹೆಸರು ಸೇರಿತು.

ಇದರಲ್ಲಿ ನನ್ನ ಮನಸ್ಸಿಗೆ ನಾಟುವ ವಿಷಯ ಒಂದಿದೆ. ಬೆಂಗಳೂರಿಗೆ ಹೋಗಿ ಸೇರಿದವರು ಯಾರು? ನಮ್ಮೂರಿನ ಹುಡುಗರೇ. ಬೆಳಿಗ್ಗೆ ಐದರ ಬಸ್ಸಿಗೆ ಹೋಗಿ, ಆಮೇಲೆ ಅಲ್ಲೇ ಬಾಡಿಗೆ ಮನೆ ಹಿಡಿದು, ಅಲ್ಲೇ ರೇಷನ್ ಕಾರ್ಡು ಮಾಡಿಸಿಕೊಂಡವರು. ಮಳೆ ಇಲ್ಲ, ಬೋರ್‌ವೆಲ್ ಒಣಗಿತು ಅಂತ ಊರು ಬಿಟ್ಟವರ ತಲೆ ಅಲ್ಲಿ ಎಣಿಕೆಗೆ ಸಿಕ್ಕಿತು, ಇಲ್ಲಿ ಕಡಿಮೆ ಆಯಿತು. ನೀರು ಇಲ್ಲದ ಸೀಮೆಗೆ ಕೇಳುವ ಬಾಯಿಯೂ ಒಂದು ಕಡಿಮೆ ಆಯಿತು. ಲೆಕ್ಕ ಸರಿಯಾಗಿಯೇ ಇದೆ, ನಾನು ಇಲ್ಲ ಅನ್ನುವುದಿಲ್ಲ. ಆದರೂ ನೋವಾಗುತ್ತದೆ.

ವೇಮಗಲ್ ಅಂದರೆ ನಮ್ಮ ಕಡೆ ಎಲ್ಲರಿಗೂ ನೆನಪಾಗುವುದು ಸಿ. ಬೈರೇಗೌಡರು. ಕೃಷಿ ಸಚಿವರಾಗಿದ್ದವರು. 2003ರಲ್ಲಿ ಅವರು ತೀರಿಕೊಂಡಾಗ ನಡೆದ ಉಪಚುನಾವಣೆಯಲ್ಲಿ ಮಗ ಕೃಷ್ಣ ಬೈರೇಗೌಡ ಗೆದ್ದರು, 2004ರಲ್ಲಿ ಮತ್ತೆ ಗೆದ್ದರು. ಹಾಗಾಗಿ ವೇಮಗಲ್ ಕ್ಷೇತ್ರದ ಕೊನೆಯ ಶಾಸಕರು ಅವರೇ. 2008ರಲ್ಲಿ ಅವರು ನಿಂತದ್ದು ಬೆಂಗಳೂರಿನ ಬ್ಯಾಟರಾಯನಪುರದಲ್ಲಿ, ಅದು ಆ ಸಲವೇ ಹೊಸದಾಗಿ ಹುಟ್ಟಿದ ಕ್ಷೇತ್ರ. ಇಲ್ಲಿ ಒಂದು ಕ್ಷೇತ್ರ ಮುಳುಗಿತು, ಅಲ್ಲಿ ಒಂದು ಎದ್ದಿತು, ಶಾಸಕರು ಇಲ್ಲಿಂದ ಅಲ್ಲಿಗೆ ಹೋದರು. ಮೇಲೆ ಹೇಳಿದ ಲೆಕ್ಕ ಒಬ್ಬರ ರಾಜಕೀಯದಲ್ಲಿ ಇಷ್ಟು ಸ್ಪಷ್ಟವಾಗಿ ಕಾಣುವುದು ಅಪರೂಪ.

ವೇಮಗಲ್ ಹೋಬಳಿ ಈಗ ಕೋಲಾರ ಕ್ಷೇತ್ರದಲ್ಲಿದೆ. ಅದರ ಸಂಖ್ಯೆ 148. ಹೊಸ ಆಕಾರದ ಕೋಲಾರದಲ್ಲಿ 2008ರಲ್ಲಿ ಗೆದ್ದವರು ಪಕ್ಷೇತರ ಅಭ್ಯರ್ಥಿ ವರ್ತೂರು ಪ್ರಕಾಶ್. ಪಕ್ಷಗಳ ಹಳೇ ಲೆಕ್ಕಾಚಾರ ಹೊಸ ಗಡಿಯೊಳಗೆ ಸರಿಯಾಗಿ ಕೂತಿರಲಿಲ್ಲ ಅಂತ ನನ್ನ ಅಭಿಪ್ರಾಯ.

ಪ್ರಶ್ನೆ: ಬೇತಮಂಗಲ ಕ್ಷೇತ್ರಕ್ಕೂ ಹೀಗೇ ಆಯಿತಾ? ನಮ್ಮ ಕೆಜಿಎಫ್ ಕ್ಷೇತ್ರ ಮೊದಲು ಬರೀ ಊರಿನದ್ದು, ಈಗ ಹಳ್ಳಿಗಳೂ ಸೇರಿವೆ. ಇದು ಸರಿಯೇ?
ರಾಬರ್ಟ್‌ಸನ್‌ಪೇಟೆಯ ಓದುಗರು

ಬೇತಮಂಗಲದ ಕಥೆ ಸ್ವಲ್ಪ ಬೇರೆ. ಅದು ಅಳಿಯಿತು ಅನ್ನುವುದಕ್ಕಿಂತ ಎರಡು ಪಾಲಾಯಿತು ಅನ್ನಬೇಕು. ಬೇತಮಂಗಲ, ಕ್ಯಾಸಂಬಳ್ಳಿ ಕಡೆ ಕೆಜಿಎಫ್‌ಗೆ ಬಂತು. ಬೂದಿಕೋಟೆ, ಕಾಮಸಮುದ್ರ ಕಡೆ ಬಂಗಾರಪೇಟೆ ಅನ್ನೋ ಹೆಸರಿನ ಕ್ಷೇತ್ರವಾಯಿತು. ಅಲ್ಲಿವರೆಗೂ ಬಂಗಾರಪೇಟೆ ತಾಲ್ಲೂಕು ಕೇಂದ್ರ, ಆದರೆ ಕ್ಷೇತ್ರದ ಹೆಸರು ಬೇತಮಂಗಲ. 2008ರಲ್ಲಿ ತಿರುವುಮುರುವು ಆಯಿತು.

ಬೇತಮಂಗಲದವರಿಗೆ ಹೀಗೆ ಆಗುತ್ತಿರುವುದು ಇದೇ ಮೊದಲಲ್ಲ ಅಂತ ನೆನಪಿಸಬೇಕು. ಮೈಸೂರು ಸಂಸ್ಥಾನದ ಕಾಲದಲ್ಲಿ ಅದೇ ತಾಲ್ಲೂಕು ಕೇಂದ್ರ. ಪಾಲಾರ್ ನದಿಯ ದೊಡ್ಡ ಕೆರೆ ಇರುವ ಊರು, ಚಿನ್ನದ ಗಣಿಗೆ ಕುಡಿಯುವ ನೀರು ಹೋದದ್ದೂ ಅಲ್ಲಿಂದಲೇ. ರೈಲು ಬಂದು ಬೌರಿಂಗ್‌ಪೇಟೆ ಬೆಳೆದ ಮೇಲೆ ತಾಲ್ಲೂಕು ಕಚೇರಿ ಅಲ್ಲಿಗೆ ಹೋಯಿತು. ಆ ಬೌರಿಂಗ್‌ಪೇಟೆಯೇ ಇವತ್ತಿನ ಬಂಗಾರಪೇಟೆ. ಮೊದಲು ತಾಲ್ಲೂಕು ಹೋಯಿತು, ಆಮೇಲೆ ಕ್ಷೇತ್ರ ಹೋಯಿತು, ಎರಡೂ ಹೋದದ್ದು ಅದೇ ಊರಿಗೆ. ಕೆರೆ ಮಾತ್ರ ಬೇತಮಂಗಲದಲ್ಲೇ ಇದೆ.

ಕೆಜಿಎಫ್ ವಿಷಯಕ್ಕೆ ಬರುತ್ತೇನೆ. ಹಳೇ ಕೆಜಿಎಫ್ ಕ್ಷೇತ್ರ ಅಂದರೆ ಗಣಿ ಕಾರ್ಮಿಕರ ಕ್ಷೇತ್ರ. ಚಾಂಪಿಯನ್ ರೀಫ್, ಮಾರಿಕುಪ್ಪಂ, ಊರಿಗಾಂ, ಆ ಲೈನು ಮನೆಗಳ ವೋಟು. ಹಾಗಾಗಿ ಕರ್ನಾಟಕದ ಬೇರೆಲ್ಲೂ ಕಾಣದ ಫಲಿತಾಂಶ ಅಲ್ಲಿ ಕಾಣುತ್ತಿತ್ತು. 1952ರಲ್ಲಿ ಕಮ್ಯುನಿಸ್ಟ್ ಪಕ್ಷದ ಕೆ.ಎಸ್. ವಾಸನ್ ಗೆದ್ದರು. 1999ರಲ್ಲಿ ಎಐಎಡಿಎಂಕೆಯ ಭಕ್ತವತ್ಸಲಂ, 2004ರಲ್ಲಿ ರಿಪಬ್ಲಿಕನ್ ಪಕ್ಷದ ಎಸ್. ರಾಜೇಂದ್ರನ್. 2001ರ ಫೆಬ್ರುವರಿ 28ಕ್ಕೆ ಗಣಿ ಮುಚ್ಚಿತು. ಅದರ ಮರುದಿನ, ಮಾರ್ಚ್ 1, ಆ ವರ್ಷದ ಜನಗಣತಿಯ ಲೆಕ್ಕದ ದಿನ. ಅಂದರೆ ಸೈರನ್ ನಿಂತ ಊರಿನ ತಲೆಗಳನ್ನು ಅದೇ ಹೊತ್ತಿಗೆ ಎಣಿಸಿ, ಅದರ ಮೇಲೆಯೇ ಮುಂದಿನ ಗಡಿ ಎಳೆದರು.

ಊರಿನ ಜನಸಂಖ್ಯೆಯೊಂದೇ 2 ಲಕ್ಷ 36 ಸಾವಿರ ತಲುಪುತ್ತಿರಲಿಲ್ಲ. ಸುತ್ತಲಿನ ಹೋಬಳಿ ಸೇರಿಸದೆ ಬೇರೆ ದಾರಿ ಇರಲಿಲ್ಲ. ಸರಿಯೇ ಅಂತ ಕೇಳಿದ್ದೀರಿ. ಕಾನೂನಿನ ಪ್ರಕಾರ ಸರಿ. ಆದರೆ ಲೈನು ಮನೆಯ ಕಷ್ಟ ಬೇರೆ, ಕ್ಯಾಸಂಬಳ್ಳಿಯ ರೈತನ ಕಷ್ಟ ಬೇರೆ. ಒಬ್ಬರಿಗೆ ಮನೆಯ ಹಕ್ಕುಪತ್ರ ಬೇಕು, ಕೆಲಸ ಬೇಕು, ಇನ್ನೊಬ್ಬರಿಗೆ ಕೆರೆಗೆ ನೀರು, ಟೊಮೆಟೊಗೆ ಬೆಲೆ. 2008ರ ನಂತರ ಅಲ್ಲಿ ಗಣಿ ಕಾರ್ಮಿಕರ ಸಣ್ಣ ಪಕ್ಷಗಳು ಮತ್ತೆ ಗೆದ್ದಿಲ್ಲ. ಆ ದನಿ ವಿಧಾನಸಭೆಯಲ್ಲಿ ಇಲ್ಲವಾದದ್ದು ನಷ್ಟ ಅಂತಲೇ ನಾನು ತಿಳಿದಿದ್ದೇನೆ. ಹಳ್ಳಿಯವರ ದೃಷ್ಟಿಯಿಂದ ನೋಡಿದರೆ ಅವರಿಗೆ ಪಕ್ಕದಲ್ಲೇ ಇದ್ದ ಪೇಟೆ ಈಗ ತಮ್ಮ ಕ್ಷೇತ್ರದ್ದೇ ಆಗಿದೆ, ಅದು ಅನುಕೂಲ. ಆಮೇಲೆ ಕೆಜಿಎಫ್ ಪ್ರತ್ಯೇಕ ತಾಲ್ಲೂಕು ಕೂಡ ಆಯಿತು.

ಇನ್ನೊಂದು ಮಾತು. ಮೈಸೂರಿನ ಮೊದಲ ಮುಖ್ಯಮಂತ್ರಿ ಕೆ.ಸಿ. ರೆಡ್ಡಿ ಅವರ ಹೆಸರಿನ ಮೊದಲ ಅಕ್ಷರವೇ ಕ್ಯಾಸಂಬಳ್ಳಿ. ಆ ಊರು ಈಗ ನಿಮ್ಮ ಕ್ಷೇತ್ರಕ್ಕೆ ಸೇರಿದೆ. ಇದನ್ನು ನಿಮ್ಮ ಮಕ್ಕಳಿಗೆ ಹೇಳಿ.

ಪ್ರಶ್ನೆ: ನಮ್ಮ ಜಿಲ್ಲೆ ಚಿಕ್ಕಬಳ್ಳಾಪುರ. ಆದರೆ ಸಂಸದರಿಗೆ ವೋಟು ಹಾಕೋದು ಕೋಲಾರ ಕ್ಷೇತ್ರದಲ್ಲಿ. ಚಿಕ್ಕಬಳ್ಳಾಪುರ ಅಂತ ಲೋಕಸಭಾ ಕ್ಷೇತ್ರ ಇದ್ದರೂ ನಾವು ಅದರಲ್ಲಿ ಇಲ್ಲ. ಯಲಹಂಕದವರು ಇದ್ದಾರೆ. ಇದು ಹೇಗೆ?
ಶಿಡ್ಲಘಟ್ಟದ ಓದುಗರು

ಇದನ್ನು ಚಿಂತಾಮಣಿಯಿಂದಲೂ ಮೂವರು ಕೇಳಿದ್ದಾರೆ.

ಕರ್ನಾಟಕದಲ್ಲಿ 28 ಲೋಕಸಭಾ ಕ್ಷೇತ್ರ, 224 ವಿಧಾನಸಭಾ ಕ್ಷೇತ್ರ. ಒಂದಕ್ಕೆ ಎಂಟು. ಒಂದು ವಿಧಾನಸಭಾ ಕ್ಷೇತ್ರ ಪೂರ್ತಿಯಾಗಿ ಒಂದೇ ಲೋಕಸಭಾ ಕ್ಷೇತ್ರದೊಳಗೆ ಬರಬೇಕು, ಅದನ್ನು ಒಡೆಯುವ ಹಾಗಿಲ್ಲ. ಈಗ ನಮ್ಮ ಹಳೇ ಅವಿಭಜಿತ ಜಿಲ್ಲೆಯ 11 ತಗೊಳ್ಳಿ. ಕೋಲಾರ ಲೋಕಸಭೆಗೆ ಎಂಟು ಬೇಕು: ಕೋಲಾರ, ಮಾಲೂರು, ಬಂಗಾರಪೇಟೆ, ಕೆಜಿಎಫ್, ಮುಳಬಾಗಿಲು, ಶ್ರೀನಿವಾಸಪುರ. ಇವು ಆರು. ಇನ್ನೆರಡು ಪಕ್ಕದ್ದು ಬೇಕು, ಚಿಂತಾಮಣಿ ಮತ್ತು ಶಿಡ್ಲಘಟ್ಟ. ಉಳಿದದ್ದು ಗೌರಿಬಿದನೂರು, ಬಾಗೇಪಲ್ಲಿ, ಚಿಕ್ಕಬಳ್ಳಾಪುರ, ಮೂರೇ. ಮೂರಕ್ಕೆ ಐದು ಸೇರಿಸಬೇಕಲ್ಲ, ಅದಕ್ಕೆ ದೊಡ್ಡಬಳ್ಳಾಪುರ, ದೇವನಹಳ್ಳಿ, ಹೊಸಕೋಟೆ, ನೆಲಮಂಗಲ, ಯಲಹಂಕ ಬಂದವು.

ಇನ್ನೊಂದು ಕಾರಣ, ಆಯೋಗ ಗಡಿ ಎಳೆಯುವಾಗ ಚಿಕ್ಕಬಳ್ಳಾಪುರ ಜಿಲ್ಲೆ ಹುಟ್ಟೇ ಇರಲಿಲ್ಲ. ಜಿಲ್ಲೆ ಆದದ್ದು 2007ರಲ್ಲಿ. ಆಯೋಗದ ಕಣ್ಣಿಗೆ ನೀವೂ ನಾವೂ ಒಂದೇ ಕೋಲಾರ ಜಿಲ್ಲೆ. ಆ ಆದೇಶ ಇನ್ನೂ ಜಾರಿಯಲ್ಲಿದೆ, ಹಾಗಾಗಿ ವೋಟಿನ ಮಟ್ಟಿಗೆ ಹಳೇ ಜಿಲ್ಲೆ ಅರ್ಧ ಜೀವಂತವಾಗಿದೆ. ಬೆಂಗಳೂರಿನ ಅಂಚಿನ ಯಲಹಂಕದ ಅಪಾರ್ಟ್‌ಮೆಂಟಿಗೂ ಆಂಧ್ರದ ಗಡಿಯ ಬಾಗೇಪಲ್ಲಿಯ ಶೇಂಗಾ ಹೊಲಕ್ಕೂ ಒಬ್ಬರೇ ಸಂಸದರು. ಆ ಕೆಲಸ ಯಾರಿಗೇ ಆದರೂ ಕಷ್ಟ.

ಆದರೆ ಈ ಜೋಡಣೆ ಪೂರ್ತಿ ಹೊಸದು ಅನ್ನುವಂತಿಲ್ಲ. 1967 ಮತ್ತು 1971ರಲ್ಲಿ ಹೊಸಕೋಟೆ ಅನ್ನೋ ಹೆಸರಿನ ಲೋಕಸಭಾ ಕ್ಷೇತ್ರವೇ ಇತ್ತು. 1977ರ ಹೊತ್ತಿಗೆ ಅದು ಹೋಗಿ ಚಿಕ್ಕಬಳ್ಳಾಪುರ ಬಂತು. ನಮ್ಮ ಎಂ.ವಿ. ಕೃಷ್ಣಪ್ಪನವರ ಚುನಾವಣೆಗಳನ್ನು ಸಾಲಾಗಿ ಜೋಡಿಸಿದರೆ ಈ ಭಾಗದ ಗಡಿಗಳ ಚರಿತ್ರೆಯೇ ಸಿಕ್ಕಿಬಿಡುತ್ತದೆ: 1952ರಲ್ಲಿ ಕೋಲಾರದಿಂದ, 1957ರಲ್ಲಿ ತುಮಕೂರಿನಿಂದ, 1967 ಮತ್ತು 1971ರಲ್ಲಿ ಹೊಸಕೋಟೆಯಿಂದ, 1977ರಲ್ಲಿ ಚಿಕ್ಕಬಳ್ಳಾಪುರದಿಂದ. ಸೀಮೆಹಸು ತಂದು ಹಾಲಿನ ದಾರಿ ತೋರಿಸಿದವರು ಅಂತ ಕೋಲಾರದ ಡೇರಿಗಳಲ್ಲಿ ಈಗಲೂ ಅವರನ್ನು ನೆನೆಯುತ್ತಾರೆ.

ಪ್ರಶ್ನೆ: ನಮ್ಮ ತಾತ ಮೊದಲ ಚುನಾವಣೆಯಲ್ಲಿ ಲೋಕಸಭೆಗೆ ಎರಡು ವೋಟು ಹಾಕಿದ್ದೆ ಅಂತ ಹೇಳುತ್ತಿದ್ದರು. ಮನೆಯವರೆಲ್ಲ ವಯಸ್ಸಾಗಿ ಏನೋ ಹೇಳ್ತಾರೆ ಅಂದುಕೊಂಡೆವು. ನಿಜ ಇರಬಹುದಾ?
ಮುಳಬಾಗಿಲಿನ ಓದುಗರು

ಪೂರ್ತಿ ನಿಜ. ನಿಮ್ಮ ತಾತ ಸರಿಯಾಗಿಯೇ ಹೇಳಿದ್ದರು.

1952ರಲ್ಲಿ ಮೈಸೂರು ರಾಜ್ಯದಿಂದ ಲೋಕಸಭೆಗೆ 11 ಜನ. ಆದರೆ ಕ್ಷೇತ್ರಗಳು ಒಂಬತ್ತೇ. ಎರಡು ಕ್ಷೇತ್ರಗಳಿಗೆ ಇಬ್ಬಿಬ್ಬರು ಸದಸ್ಯರು, ಅದರಲ್ಲಿ ಒಂದು ನಮ್ಮ ಕೋಲಾರ, ಇನ್ನೊಂದು ಮೈಸೂರು. ಇಬ್ಬರಲ್ಲಿ ಒಂದು ಸ್ಥಾನ ಪರಿಶಿಷ್ಟ ಜಾತಿಗೆ ಮೀಸಲು. ಪ್ರತಿ ಮತದಾರನಿಗೆ ಎರಡು ಮತಪತ್ರ. ಎರಡನ್ನೂ ಒಬ್ಬರಿಗೇ ಕೊಡುವಂತಿಲ್ಲ, ಬೇರೆ ಬೇರೆಯವರಿಗೆ ಕೊಡಬೇಕು. ಆಗ ಅಭ್ಯರ್ಥಿಗೆ ಒಂದೊಂದು ಪೆಟ್ಟಿಗೆ, ಅದರ ಮೇಲೆ ಅವರ ಗುರುತು. ಯಾರಿಗೆ ವೋಟೋ ಅವರ ಪೆಟ್ಟಿಗೆಗೆ ಪತ್ರ ಹಾಕುವುದು. ಹಾಗೆ ಕೋಲಾರದಿಂದ ಗೆದ್ದವರು ಎಂ.ವಿ. ಕೃಷ್ಣಪ್ಪ ಮತ್ತು ದೊಡ್ಡತಿಮ್ಮಯ್ಯ. 1957ರಲ್ಲೂ ಇಬ್ಬರು, ಕೆ.ಸಿ. ರೆಡ್ಡಿ ಮತ್ತು ದೊಡ್ಡತಿಮ್ಮಯ್ಯ.

ಈ ಪದ್ಧತಿ ನಿಂತದ್ದಕ್ಕೆ ಒಂದು ಕಾರಣ ಆಂಧ್ರದ ಪಾರ್ವತೀಪುರಂ. 1957ರಲ್ಲಿ ಅಲ್ಲಿ ವಿ.ವಿ. ಗಿರಿ ಸೋತರು, ಮುಂದೆ ರಾಷ್ಟ್ರಪತಿ ಆದರಲ್ಲ, ಅವರೇ. ಮೀಸಲು ಸ್ಥಾನಕ್ಕೆ ನಿಂತಿದ್ದ ಇಬ್ಬರೂ ಪರಿಶಿಷ್ಟ ಪಂಗಡದ ಅಭ್ಯರ್ಥಿಗಳು ಅವರಿಗಿಂತ ಜಾಸ್ತಿ ವೋಟು ಪಡೆದಿದ್ದರು, ಒಬ್ಬರು ಮೀಸಲು ಸ್ಥಾನಕ್ಕೆ, ಇನ್ನೊಬ್ಬರು ಸಾಮಾನ್ಯ ಸ್ಥಾನಕ್ಕೆ ಆಯ್ಕೆಯಾದರು. ಗಿರಿಯವರು ಸುಪ್ರೀಂ ಕೋರ್ಟಿನವರೆಗೆ ಹೋದರು, ಅಲ್ಲೂ ಸೋತರು. ಮೀಸಲು ಅಭ್ಯರ್ಥಿಗೆ ಸಾಮಾನ್ಯ ಸ್ಥಾನದ ಮೇಲೂ ಹಕ್ಕಿದೆ ಅಂತ ನ್ಯಾಯಾಲಯ ಹೇಳಿತು. ಅದು ಒಳ್ಳೆಯ ತೀರ್ಪು ಅಂತ ನಾನು ನಂಬಿದ್ದೇನೆ. 1961ರಲ್ಲಿ ಕಾಯ್ದೆ ತಂದು ಇಬ್ಬರು ಸದಸ್ಯರ ಕ್ಷೇತ್ರಗಳನ್ನು ರದ್ದು ಮಾಡಿದರು. 1962ರಿಂದ ಕೋಲಾರಕ್ಕೆ ಒಬ್ಬರೇ ಸಂಸದರು.

ನಿಮ್ಮ ಮುಳಬಾಗಿಲು ವಿಧಾನಸಭಾ ಕ್ಷೇತ್ರ 2008ರವರೆಗೆ ಸಾಮಾನ್ಯ, ಆಮೇಲೆ ಪರಿಶಿಷ್ಟ ಜಾತಿಗೆ ಮೀಸಲು. ಅದೂ ಅದೇ ಆಯೋಗದ ಆದೇಶ. ಪರಿಶಿಷ್ಟ ಜಾತಿಯ ಜನ ಜಾಸ್ತಿ ಇರುವ ಕಡೆ ನೋಡಿ, ರಾಜ್ಯದ ಒಂದೇ ಮೂಲೆಯಲ್ಲಿ ಗುಂಪಾಗದ ಹಾಗೆ ಹಂಚಬೇಕು ಅನ್ನುವುದು ಕಾಯ್ದೆಯ ಮಾತು.

ಪ್ರಶ್ನೆ: ಮಧುಗಿರಿ ಒಂದು ಕಾಲದಲ್ಲಿ ಲೋಕಸಭಾ ಕ್ಷೇತ್ರವಾಗಿತ್ತಂತೆ, ಹೌದಾ?
ಮಧುಗಿರಿಯ ಓದುಗರು

ಹೌದು. 1967 ಮತ್ತು 1971ರ ಚುನಾವಣೆಗಳಲ್ಲಿ ಇತ್ತು. 1971ರಲ್ಲಿ ಗೆದ್ದವರು ಕೆ. ಮಲ್ಲಣ್ಣ. ಅದಕ್ಕೂ ಮೊದಲು ನಿಮ್ಮ ಜಿಲ್ಲೆಯಲ್ಲಿ ತಿಪಟೂರು ಅನ್ನೋ ಲೋಕಸಭಾ ಕ್ಷೇತ್ರ ಇತ್ತು. ಅಂದರೆ ಒಂದು ಕಾಲಕ್ಕೆ ತುಮಕೂರು ಮತ್ತು ತಿಪಟೂರು, ಆಮೇಲೆ ತುಮಕೂರು ಮತ್ತು ಮಧುಗಿರಿ, 1977ರಿಂದ ತುಮಕೂರು ಒಂದೇ. ಈಗ ಜಿಲ್ಲೆಯ 11ರಲ್ಲಿ ಎಂಟು ತುಮಕೂರು ಲೋಕಸಭೆಗೆ, ಶಿರಾ ಮತ್ತು ಪಾವಗಡ ಚಿತ್ರದುರ್ಗಕ್ಕೆ, ಕುಣಿಗಲ್ ಬೆಂಗಳೂರು ಗ್ರಾಮಾಂತರಕ್ಕೆ.

ವಿಧಾನಸಭೆಯಲ್ಲಿ 2008ರಲ್ಲಿ ನಿಮ್ಮಲ್ಲಿ ಅದಲುಬದಲು ಆಯಿತು. ಮಧುಗಿರಿ ಮೀಸಲು ಇದ್ದದ್ದು ಸಾಮಾನ್ಯವಾಯಿತು, ಕೊರಟಗೆರೆ ಸಾಮಾನ್ಯ ಇದ್ದದ್ದು ಮೀಸಲಾಯಿತು. ಡಾ. ಜಿ. ಪರಮೇಶ್ವರ ಮಧುಗಿರಿ ಬಿಟ್ಟು ಕೊರಟಗೆರೆಗೆ ಹೋದದ್ದು ಅದಕ್ಕೇ.

ಪ್ರಶ್ನೆ: ಮುಂದಿನ ಸಲ ಗಡಿ ಬದಲಾಯಿಸುವಾಗ ನಮ್ಮಂಥವರು ಏನಾದರೂ ಹೇಳೋಕೆ ಆಗುತ್ತಾ? ಕೋರ್ಟಿಗೆ ಹೋಗಬಹುದಾ?
ಮಾಲೂರಿನ ಓದುಗರು

ಮೊದಲು ಎರಡನೇ ಪ್ರಶ್ನೆಗೆ ಉತ್ತರ. ಆಯೋಗದ ಆದೇಶ ಗೆಜೆಟ್‌ನಲ್ಲಿ ಬಂದ ಮೇಲೆ ಅದಕ್ಕೆ ಕಾನೂನಿನ ಬಲ ಇರುತ್ತದೆ. ಸಂಸತ್ತಿನಲ್ಲಿ, ವಿಧಾನಸಭೆಯಲ್ಲಿ ಅದನ್ನು ಮಂಡಿಸುತ್ತಾರೆ, ಆದರೆ ಅವರೂ ಒಂದು ಅಕ್ಷರ ತಿದ್ದುವಂತಿಲ್ಲ. ಸಂವಿಧಾನದ 329ನೇ ವಿಧಿ ನ್ಯಾಯಾಲಯಕ್ಕೂ ಬಾಗಿಲು ಹಾಕಿದೆ. 2024ರಲ್ಲಿ ಸುಪ್ರೀಂ ಕೋರ್ಟ್, ಆದೇಶ ಎದ್ದು ಕಾಣುವಷ್ಟು ಮನಸೋ ಇಚ್ಛೆಯದ್ದಾಗಿದ್ದರೆ, ಸಂವಿಧಾನದ ಮೌಲ್ಯಕ್ಕೆ ವಿರುದ್ಧವಾಗಿದ್ದರೆ ನೋಡಬಹುದು ಅಂತ ಹೇಳಿದೆ. ಆದರೂ ಅದು ಕಿರಿದಾದ ಕಿಂಡಿ, ಬಾಗಿಲಲ್ಲ. ಅದನ್ನೇ ನೆಚ್ಚಿಕೊಂಡು ಕೂರಬೇಡಿ.

ಹೇಳಬೇಕಾದದ್ದನ್ನು ಆದೇಶ ಬರುವ ಮೊದಲೇ ಹೇಳಬೇಕು. ಆಯೋಗ ಮೊದಲು ಕರಡು ಪ್ರಕಟಿಸುತ್ತದೆ, ಪತ್ರಿಕೆಗಳಲ್ಲೂ ಬರುತ್ತದೆ. ಒಂದು ದಿನಾಂಕದೊಳಗೆ ಯಾರು ಬೇಕಾದರೂ ಆಕ್ಷೇಪ ಕಳಿಸಬಹುದು. ಆಮೇಲೆ ಸಾರ್ವಜನಿಕ ಸಭೆ ನಡೆಸುತ್ತಾರೆ, ಅಲ್ಲಿಗೆ ಹೋಗಿ ಮಾತಾಡಬಹುದು. ರಾಜ್ಯದಿಂದ ಐವರು ಸಂಸದರು, ಐವರು ಶಾಸಕರು ಆಯೋಗದ ಜೊತೆ ಕೂರುತ್ತಾರೆ. ಅವರಿಗೆ ವೋಟು ಇಲ್ಲ, ಸಹಿ ಹಾಕುವ ಅಧಿಕಾರವೂ ಇಲ್ಲ. ಬಾಯಿ ಮಾತ್ರ ಇದೆ. ಅವರ ಬಾಯಲ್ಲಿ ನಿಮ್ಮ ಹೋಬಳಿಯ ಹೆಸರು ಬರಬೇಕು ಅಂದರೆ ನೀವು ಮೊದಲೇ ಹೋಗಿ ಅವರಿಗೆ ಹೇಳಿರಬೇಕು.

ಹೇಗೆ ಹೇಳಬೇಕು ಅನ್ನುವುದೂ ಮುಖ್ಯ. ನಮ್ಮ ಹೆಸರು ಉಳಿಸಿ, ನಮಗೆ ಅನ್ಯಾಯ ಆಯಿತು ಅಂದರೆ ಅದು ನಿಲ್ಲುವುದಿಲ್ಲ. ಒಂದು ಸ್ಥಾನ ಕಡಿಮೆ ಆಗುತ್ತದೆ ಅನ್ನೋ ಲೆಕ್ಕವನ್ನು ಅರ್ಜಿಯಿಂದ ಬದಲಾಯಿಸೋಕೆ ಆಗಲ್ಲ. ಆದರೆ ಯಾವ ಹೋಬಳಿ ಯಾರ ಜೊತೆ ಸೇರಬೇಕು ಅನ್ನುವುದರಲ್ಲಿ ಜಾಗ ಇದೆ. ಭೂಮಿಯ ಲಕ್ಷಣ, ಆಡಳಿತದ ಗಡಿ, ಸಾರಿಗೆ ಸಂಪರ್ಕ, ಜನರ ಅನುಕೂಲ ಇವನ್ನು ನೋಡಬೇಕು ಅಂತ ಕಾಯ್ದೆಯಲ್ಲೇ ಬರೆದಿದೆ. ಹಾಗಾಗಿ ನಮ್ಮ ಹೋಬಳಿಯಿಂದ ಆ ಊರಿಗೆ ನೇರ ಬಸ್ಸಿಲ್ಲ, ಸಂತೆಗೆ ನಾವು ಹೋಗುವುದು ಈ ಕಡೆ, ಪೊಲೀಸ್ ಠಾಣೆ ಈ ಕಡೆ, ನಮ್ಮ ಕೆರೆಯ ಕೋಡಿ ಹರಿಯುವುದು ಈ ಕಡೆ ಅಂತ ಬರೆಯಿರಿ. ಗ್ರಾಮ ಪಂಚಾಯ್ತಿಯಲ್ಲಿ ನಿರ್ಣಯ ಮಾಡಿಸಿ ಅದನ್ನೂ ಜೊತೆಗೆ ಇಡಿ.

ಯಾವಾಗ ಅಂತ ಕೇಳಬಹುದು. 1976ರಲ್ಲಿ ಸ್ಥಾನಗಳ ಸಂಖ್ಯೆಯನ್ನು 2001ರವರೆಗೆ ತಡೆಹಿಡಿದರು, ಆಮೇಲೆ ಆ ತಡೆಯನ್ನು 2026ರ ನಂತರದ ಮೊದಲ ಜನಗಣತಿಯವರೆಗೆ ಮುಂದೆ ಹಾಕಿದರು. ಸರ್ಕಾರ 2027ರ ಜನಗಣತಿ ಘೋಷಿಸಿದೆ. ಅಂದರೆ ಬಾಗಿಲ ಹತ್ತಿರ ಬಂದಿದ್ದೇವೆ. ಎಣಿಸುವವರು ಮನೆಗೆ ಬಂದಾಗ ಎಲ್ಲರ ಹೆಸರು ಸರಿಯಾಗಿ ಬರೆಸಿ. ಅದೇ ಮೊದಲ ಅರ್ಜಿ. ಬೇಲಿ ಹಾಕುವ ದಿನ ಹೊಲದಲ್ಲಿ ಇರದವನು ಆಮೇಲೆ ಎಷ್ಟು ಜಗಳ ಆಡಿದರೂ ಒಂದೇ, ಅಲ್ವಾ?

ಪ್ರಶ್ನೆ: ಹಳೇ ಕ್ಷೇತ್ರಗಳ ದಾಖಲೆ ಎಲ್ಲಿ ಸಿಗುತ್ತದೆ? ಶಾಲೆಯ ಪ್ರಾಜೆಕ್ಟ್‌ಗೆ ಬೇಕಿತ್ತು.
ಶ್ರೀನಿವಾಸಪುರದ ವಿದ್ಯಾರ್ಥಿನಿ

1952ರಿಂದ ಇಲ್ಲಿವರೆಗಿನ ಪ್ರತಿ ಚುನಾವಣೆಯ ಅಂಕಿಅಂಶದ ವರದಿ ಚುನಾವಣಾ ಆಯೋಗದ ವೆಬ್‌ಸೈಟಿನಲ್ಲಿದೆ. ಕ್ಷೇತ್ರ, ಅಭ್ಯರ್ಥಿ, ಮತಗಳ ಸಂಖ್ಯೆ ಎಲ್ಲ ಸಿಗುತ್ತದೆ. ಯಾವ ಹೋಬಳಿ ಯಾವ ಕ್ಷೇತ್ರದಲ್ಲಿ ಅಂತ ಬೇಕಾದರೆ 2008ರ ಪುನರ್‌ವಿಂಗಡಣೆ ಆದೇಶ ನೋಡಬೇಕು. ನಿಮ್ಮ ಶ್ರೀನಿವಾಸಪುರ ಒಳ್ಳೆಯ ವಿಷಯ. 1978ರಿಂದ ದಶಕಗಳ ಕಾಲ ಕೆ.ಆರ್. ರಮೇಶ್ ಕುಮಾರ್, ಜಿ.ಕೆ. ವೆಂಕಟಶಿವಾರೆಡ್ಡಿ ಇಬ್ಬರೇ ಗೆದ್ದು ಸೋತು ಮಾಡಿದ ಕ್ಷೇತ್ರ ಅದು. 2004ರ ಫಲಿತಾಂಶವನ್ನೂ 2008ರದ್ದನ್ನೂ ಪಕ್ಕಪಕ್ಕ ಇಟ್ಟು ನೋಡಿ.

ಅದಕ್ಕೂ ಮೊದಲು ಮನೆಯಲ್ಲೇ ಹುಡುಕಿ. 2008ಕ್ಕಿಂತ ಹಿಂದೆ ಕೊಟ್ಟ ಮತದಾರರ ಗುರುತಿನ ಚೀಟಿಯಲ್ಲಿ ಆಗಿನ ವಿಧಾನಸಭಾ ಕ್ಷೇತ್ರದ ಹೆಸರು ಅಚ್ಚಾಗಿರುತ್ತದೆ. ಅಜ್ಜಿ ತಾತಂದಿರ ಟ್ರಂಕಿನಲ್ಲಿ, ಪಾಸ್‌ಬುಕ್ಕಿನ ಒಳಗೆ ಇರಬಹುದು. ನಮ್ಮ ಅಮ್ಮನ ಹಳೇ ಚೀಟಿ ನನ್ನ ಹತ್ತಿರ ಇದೆ. ಫೋಟೊ ಮಾಸಿಹೋಗಿದೆ, ಮುಖ ಸರಿಯಾಗಿ ಕಾಣುವುದಿಲ್ಲ. ಹಿಂದುಗಡೆ ವೇಮಗಲ್ ಅಂತ ಬರೆದದ್ದು ಚೆನ್ನಾಗಿ ಓದಲು ಬರುತ್ತದೆ.